ಮೊದಲು ಕಾಡು, ಆಮೇಲೆ ಹುಲ್ಲು

ಆ ಭಾನುವಾರ ಬೆಳಿಗ್ಗೆ ನಾನು ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ಗಂಡ ಎದುರಿಗೆ ನಿಲ್ಲಿಸಿದ್ದ ಟೆಂಪೋ ಟ್ರಾವೆಲರ್‌ನ ಗಾಜು ಒರೆಸುತ್ತಿದ್ದರು. ಊಟಿಯ ಟ್ರಿಪ್ಪಿನ ವಿಷಯಕ್ಕೆ ಇಬ್ಬರಿಗೂ ವಾದ ನಡೆದಿತ್ತು.

ಅವರು ಚಿಕ್ಕ ವಯಸ್ಸಿನಲ್ಲಿ ದೇವನಹಳ್ಳಿ ಕಡೆಯ ಒಂದು ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾಗಿದ್ದವರು. ಆಟಗಾರರ ಬ್ಯಾಗು ಹೊತ್ತುಕೊಂಡು ಅವರ ಹಿಂದೆ ನಡೆಯುವುದು ಕ್ಯಾಡಿಯ ಕೆಲಸ. ಆಮೇಲೆ ಗಾಡಿ ಕೊಂಡರು. ಯಾರ ಬ್ಯಾಗು ಹೊತ್ತಿದ್ದರೋ ಅವರೇ ಗಾಡಿಗೆ ಗಿರಾಕಿಗಳಾದರು. ಊಟಿ, ಕೊಡಗು, ಚಿಕ್ಕಮಗಳೂರು, ಎಲ್ಲಿ ಗಾಲ್ಫ್ ಮೈದಾನವಿದೆಯೋ ಅಲ್ಲಿಗೆಲ್ಲ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಬಂಡೀಪುರವೋ ನಾಗರಹೊಳೆಯೋ ಸಿಕ್ಕಿದರೆ ಕಾಡಿನಂಚಿನ ಕ್ಯಾಂಪಿನಲ್ಲಿ ಒಂದು ರಾತ್ರಿ ಟೆಂಟು.

ಗಾಡಿ ಅವರದು, ಪ್ಲಾನು ನನ್ನದು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಫೋನಿನಲ್ಲಿ ಟೆಂಟು ಹಿಡಿಯುವುದು, ಮೈದಾನದಲ್ಲಿ ಆಟದ ಹೊತ್ತು ಗೊತ್ತುಮಾಡುವುದು, ತಿಂಡಿ ಎಲ್ಲಿ, ಊಟ ಎಲ್ಲಿ ಅನ್ನುವುದು, ಎಲ್ಲ ನನಗೆ ಸಲೀಸು. ನಾನು ಪ್ಲಾನನ್ನು ಕೊನೆಯಿಂದ ಶುರು ಮಾಡುತ್ತೇನೆ. ಆಟ ಎಷ್ಟು ಹೊತ್ತಿಗೆ, ಅಲ್ಲಿಂದ ಹಿಂದಕ್ಕೆ ಬರುತ್ತಾ ಬರುತ್ತಾ ಮನೆ ಬಾಗಿಲಿಗೆ ಮುಟ್ಟುತ್ತೇನೆ. ಜನರಿಗಿಂತ ಮೊದಲು ಬ್ಯಾಗುಗಳಿಗೆ ಜಾಗ ಮಾಡುತ್ತೇನೆ. ಮನುಷ್ಯ ಕೂತುಕೊಂಡು ಹೋಗುತ್ತಾನೆ, ಗಾಲ್ಫ್ ಬ್ಯಾಗು ಮಲಗಿಕೊಂಡೇ ಹೋಗಬೇಕು.

ಆವತ್ತಿನ ವಾದ ಇಷ್ಟೇ. ಹತ್ತಿರದ ಅಪಾರ್ಟ್‌ಮೆಂಟಿನ ಕೆಲವು ನಿವೃತ್ತ ಗಿರಾಕಿಗಳು ಊಟಿಯಲ್ಲಿ ಆಡಬೇಕು, ಕಾಡಿನಲ್ಲೂ ಇರಬೇಕು ಅಂದಿದ್ದರು. ಮೊದಲು ಆಟ, ವಾಪಸ್ ಬರುವಾಗ ಕಾಡು ಅಂತ ನನ್ನ ಗಂಡ. ಮೊದಲು ಕಾಡು ಅಂತ ನಾನು. ಬಂಡೀಪುರದ ರಸ್ತೆಗೆ ರಾತ್ರಿ ಗೇಟು ಹಾಕುತ್ತಾರೆ. ಆಟ ಮುಗಿಸಿ, ಸ್ನಾನ ಮಾಡಿ, ಕಾಫಿ ಕುಡಿದು, ಹರಟೆ ಹೊಡೆದು ಆ ಮುದುಕರು ಹೊರಡುವಷ್ಟರಲ್ಲಿ ಗೇಟು ಹಾಕಿಬಿಟ್ಟರೆ?

"ಟೆಂಟಲ್ಲಿ ಮಲ್ಗಿದ್ರೆ ಸಾಹೇಬ್ರುಗಳಿಗೆ ಸೊಂಟ ಹಿಡ್ಕೊಳ್ತದೆ ಕಣೆ. ಆಮೇಲೆ ಚೆಂಡು ಎಲ್ಲಿಗೆ ಹೋಗ್ತದೆ?"

"ಚೆಂಡು ಹೆಂಗೂ ಎಲ್ಲಿಗೋ ಹೋಗ್ತದೆ ಅಂತ ನೀವೇ ಹೇಳ್ತೀರಲ್ರೀ."

ಅವರು ನಕ್ಕರು. ಬಟ್ಟೆ ಹಿಂಡಿ ಕನ್ನಡಿಯ ಮೇಲೆ ಒಣಹಾಕಿ, "ಆಯ್ತು, ನಾಳೆ ನೋಡನ" ಅಂದರು. ಮಧ್ಯಾಹ್ನ ಮುದ್ದೆ, ಅವರೆಕಾಳಿನ ಸಾರು. ಮಗಳು ಅವಳಪ್ಪನ ಹೊಟ್ಟೆಯ ಮೇಲೆ ತಲೆಯಿಟ್ಟುಕೊಂಡು ಟಿವಿ ನೋಡಿದಳು. ಬೇರೇನೂ ಆಗಲಿಲ್ಲ.

ಮರುದಿನ ಗಾಡಿಗೆ ಗಾಳಿ ಹೊಡೆಸಲು ಬೂದಿಗೆರೆ ಕ್ರಾಸಿಗೆ ಹೋದವರು ಎದೆ ಹಿಡಿದುಕೊಂಡು ಪಂಕ್ಚರ್ ಅಂಗಡಿಯ ಮುಂದಿನ ಟೈರುಗಳ ಮೇಲೆ ಕೂತರಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ನಮ್ಮಲ್ಲಿ ಹೂಳುತ್ತಾರೆ. ಹೊಲದ ಬದುವಿನಲ್ಲಿ, ನೀಲಗಿರಿ ಮರಗಳ ಪಕ್ಕ ಮಣ್ಣು ಮಾಡಿದೆವು. ಮೂರನೆಯ ದಿನ ಹಾಲು ತುಪ್ಪ. ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟು, ಹೋದವರಿಗೆ ಇಷ್ಟವಾದುದನ್ನೆಲ್ಲ ಬಾಳೆಲೆಯ ಮೇಲೆ ಎಡೆ ಇಟ್ಟು ಎಲ್ಲರೂ ದೂರ ನಿಲ್ಲುತ್ತಾರೆ. ಕಾಗೆ ಬಂದು ಮುಟ್ಟಬೇಕು. ಮುಟ್ಟಲಿಲ್ಲವೆಂದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಕೈಮುಗಿದು ಮಾತು ಕೊಡುತ್ತಾರೆ.

ನಾನು ಮುದ್ದೆ, ಉಪ್ಪುಸಾರು, ಮೆಣಸಿನಕಾಯಿ ಬೋಂಡ ಇಟ್ಟೆ. ಅವರ ಜೊತೆ ಕ್ಯಾಡಿಯಾಗಿದ್ದ ಸ್ನೇಹಿತರೊಬ್ಬರು ಜೇಬಿನಿಂದ ಒಂದು ಗಾಲ್ಫ್ ಚೆಂಡು ತೆಗೆದು, ಯಾರನ್ನೂ ಕೇಳದೆ, ಮುದ್ದೆಯ ಪಕ್ಕ ಇಟ್ಟರು.

ಕಾಗೆಗಳು ನೀಲಗಿರಿಯ ಮೇಲೆ ಕೂತಿದ್ದವು. ಒಂದೂ ಇಳಿಯಲಿಲ್ಲ. ಬಿಸಿಲೇರಿತು.

"ಏನೋ ಮನ್ಸಲ್ಲಿ ಇಟ್ಕೊಂಡು ಹೋಗವ್ನೆ" ಅಂದರು ನಮ್ಮತ್ತೆ. "ಯಾರಾನ ಕೇಳ್ರಲಾ."

ನನ್ನ ಮೈದುನ ಮುಂದೆ ಬಂದ. ಅವನೂ ಡ್ರೈವರೇ, ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. "ಅಣ್ಣ, ಅತ್ಗೇನ ಚೆನ್ನಾಗ್ ನೋಡ್ಕೊಳ್ತೀವಿ. ಗಾಡಿ ಮಾರಿ ಮಗು ಹೆಸ್ರಲ್ಲಿ ಇಡ್ತೀವಿ. ಚಿಂತೆ ಮಾಡ್ಬ್ಯಾಡ" ಅಂದ.

ಕಾಗೆ ಕದಲಲಿಲ್ಲ. ಗಾಡಿ ಮಾರುವುದು ಆಗಲೇ ತೀರ್ಮಾನವಾಗಿದೆ ಎಂದು ನನಗೆ ಗೊತ್ತಾದದ್ದೇ ಆಗ. ಅವರೆಲ್ಲ ನನ್ನ ಒಳ್ಳೆಯದಕ್ಕೇ ಯೋಚಿಸಿದ್ದರು. ಆದರೆ ಗಾಡಿ ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು. ನಾನು ಮುಂದೆ ಹೋಗಿ ಕೈಮುಗಿದೆ. ಅಳು ಬರಲಿಲ್ಲ. ಅವರ ಜೊತೆ ದಿನಾ ಮಾತಾಡುತ್ತಿದ್ದ ಹಾಗೇ ಮಾತಾಡಿದೆ.

"ಗಾಡಿ ಮಾರಲ್ಲ ಕಣ್ರೀ. ಊಟಿ ಟ್ರಿಪ್ಪು ನಿಲ್ಲಲ್ಲ. ನಾನು ಮಾಡಿಸ್ತೀನಿ."

ಹಿಂದೆ ಯಾರೋ "ಅಯ್ಯೋ" ಅಂದದ್ದು ಕೇಳಿಸಿತು. ಅಷ್ಟರಲ್ಲಿ ಒಂದು ಕಾಗೆ ಇಳಿಯಿತು. ಮುದ್ದೆಯನ್ನು ಸುತ್ತಿತು, ಬೋಂಡದ ಕಡೆ ನೋಡಲೂ ಇಲ್ಲ. ಚೆಂಡನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಹಾರಿಹೋಯಿತು.

"ಮೈದಾನದಲ್ಲೂ ಇವುಗಳದೇ ಕಾಟ" ಅಂದರು ಆ ಸ್ನೇಹಿತರು, ಮೆತ್ತಗೆ. "ಮೊಟ್ಟೆ ಅಂದ್ಕೊಂಡು ಹೊತ್ಕೊಂಡ್ ಹೋಗ್ತವೆ."

ಊರಿನ ಹಿರಿಯರೊಬ್ಬರು ಒಪ್ಪಲಿಲ್ಲ. "ಕಾಗೆ ಅನ್ನ ಮುಟ್ಟಿಲ್ವಲ್ಲಪ್ಪ. ಚೆಂಡು ಎಡೆ ಆಯ್ತದಾ?"

"ಎಲೆ ಮ್ಯಾಲೆ ಇಟ್ಟಿದ್ದೆಲ್ಲ ಎಡೆನೇ" ಅಂದರು ನಮ್ಮತ್ತೆ. "ನನ್ ಮಗ ಅನ್ನಕ್ಕಿಂತ ಜಾಸ್ತಿ ಅದ್ರ ಹಿಂದೆನೇ ತಾನೆ ಓಡಾಡಿದ್ದು? ನಡೀರಿ, ಆಯ್ತು."

ಮೈದುನನಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು. ಮಣ್ಣಿನ ಹತ್ತಿರ ನಿಂತು ನಾವು ನಕ್ಕೆವು, ಯಾರೂ ಬೈಯಲಿಲ್ಲ.

ತಿಥಿ ಮುಗಿದ ಮೇಲೆ ಗಿರಾಕಿಗಳಲ್ಲೊಬ್ಬರು ಫೋನು ಮಾಡಿದರು. "ಅಮ್ಮಾ, ನಾವು ಬೇರೆ ಗಾಡಿ ನೋಡ್ಕೊಳ್ತೀವಿ, ನೀವು ತೊಂದ್ರೆ ತಗೋಬೇಡಿ" ಅಂದರು. "ಬೇಡ ಸಾರ್, ನಮ್ಮ ಗಾಡೀನೇ ಬರ್ತದೆ, ನಾನೂ ಬರ್ತೀನಿ" ಅಂದೆ. ಅವರು ಸರಿ ಅಂದರು.

ಓಡಿಸಲು ಮೈದುನ ರಜಾ ಹಾಕಿ ಬಂದ. "ಅತ್ಗೆ, ರೋಡು ನಂಗ್ ಬಿಡಿ. ಆದ್ರೆ ಆ ಗಾಲ್ಫ್ ಜನದ್ದು ನಂಗೇನೂ ಗೊತ್ತಾಗಲ್ಲ" ಅಂದ. ವರ್ಷ ತುಂಬುವ ಮೊದಲು ಹೆಂಗಸು ಪ್ರವಾಸ ಹೊರಡುವುದೇ ಎಂದು ಪಕ್ಕದ ಮನೆಯವರು ನಮ್ಮತ್ತೆಯ ಹತ್ತಿರ ರಾಗ ಎಳೆದರು. "ಅವ್ಳು ಪ್ರವಾಸಕ್ಕೆ ಹೋಯ್ತಿಲ್ಲ, ಕೆಲ್ಸಕ್ಕೆ ಹೋಯ್ತವ್ಳೆ" ಅಂದು ಅತ್ತೆ ನನ್ನ ಮಗಳ ಜಡೆ ಹೆಣೆಯಲು ಕೂತರು.

ಮುಗಿಯದೆ ಉಳಿದಿದ್ದ ವಾದವನ್ನು ನಾನೇ ಮುಗಿಸಬೇಕಾಯಿತು. ಅಣ್ಣ ಹೇಳಿದಂತೆ ಮಾಡಿದರೆ ಅವರಿಗೆ ಗೌರವ ಎಂದು ಮೈದುನ ಅಂದುಕೊಂಡಿದ್ದ. ನಾನು ಹಾಗೆ ಅಂದುಕೊಳ್ಳಲಿಲ್ಲ. ಅವರಿದ್ದಿದ್ದರೆ ಮರುದಿನ ಒಪ್ಪುತ್ತಿದ್ದರು, ನನಗೆ ಗೊತ್ತು. ಮೊದಲು ಕಾಡು, ಆಮೇಲೆ ಹುಲ್ಲು ಅಂದೆ. ಮೈದುನ ನಿಧಾನ ಓಡಿಸುವವನು. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೊರಡುವ ಹೊತ್ತನ್ನು ಇನ್ನಷ್ಟು ಬೇಗ ಮಾಡಿದೆ. ಸೊಂಟದ ಮಾತು ಮಾತ್ರ ಬಿಡಲಿಲ್ಲ. ಕ್ಯಾಂಪಿಗೆ ಫೋನು ಮಾಡಿ, ಟೆಂಟಿನೊಳಗೆ ನೆಲದ ಮೇಲೆ ಹಾಸಿಗೆ ಬೇಡ, ಮಂಚವೇ ಬೇಕು ಎಂದು ಹೇಳಿ ಹಾಕಿಸಿದೆ.

ಕ್ಯಾಂಪಿನಲ್ಲಿ ಸಂಜೆ ಬೆಂಕಿಯ ಸುತ್ತ ಕೂತು ಆ ಹಿರಿಯರು ನನ್ನ ಗಂಡನ ಮಾತೇ ಆಡಿದರು. ಎಳೆಯ ಕ್ಯಾಡಿಯಾಗಿದ್ದಾಗ ಒಬ್ಬರಿಗೆ ಅವರು ಹೇಳಿದ್ದರಂತೆ, "ಸಾರ್, ಚೆಂಡು ಎಲ್ಲಿ ಹೋಯ್ತು ಅಂತ ನೋಡ್ಬ್ಯಾಡಿ, ಅದು ನಂಗೆ ಬಿಡಿ, ನೀವು ಹೊಡೀರಿ ಸಾಕು." ನನಗೆ ಗೊತ್ತಿಲ್ಲದ ಕಥೆಗಳು ಇನ್ನೂ ಎಷ್ಟೋ ಇದ್ದವು. ನಾನು ಕೇಳುತ್ತಾ ಎಲ್ಲರಿಗೂ ರಾಗಿ ರೊಟ್ಟಿ ಬಡಿಸಿದೆ.

ಬೆಳಿಗ್ಗೆ ಗೇಟು ತೆರೆಯುವುದಕ್ಕೆ ಮೊದಲೇ ನಮ್ಮ ಗಾಡಿ ಸಾಲಿನ ಮುಂದಿತ್ತು. ಕಾಡಿನ ರಸ್ತೆಯಲ್ಲಿ ಜಿಂಕೆಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಊಟಿಯ ಮೈದಾನಕ್ಕೆ ಆಟದ ಹೊತ್ತಿಗಿಂತ ಮುಂಚೆಯೇ ಮುಟ್ಟಿದೆವು. ಯಾರಿಗೂ ಸೊಂಟ ಹಿಡಿದಿರಲಿಲ್ಲ. ಮೈದುನ ಬ್ಯಾಗುಗಳನ್ನು ಇಳಿಸಿ, "ಅತ್ಗೆ, ನಿಮ್ ಪ್ಲಾನು ಸೂಪರ್ ಬಿಡಿ" ಅಂದ.

ಅದುವರೆಗೆ ನಾನು ಒಂದು ಗಾಲ್ಫ್ ಮೈದಾನವನ್ನೂ ಕಣ್ಣಾರೆ ಕಂಡಿರಲಿಲ್ಲ. ಗುಡ್ಡದ ಮೈಮೇಲೆ ಹುಲ್ಲು ಇಳಿದು, ಏರಿ, ಮಂಜಿನೊಳಗೆ ಹೋಗುತ್ತಿತ್ತು. ಕಂಬಳಿ ಹೊದ್ದ ಒಬ್ಬಾತ ಅದರ ಮೇಲೆ ಎಮ್ಮೆ ಅಟ್ಟಿಕೊಂಡು ಹೋಗುತ್ತಿದ್ದ, ಯಾರೂ ಅವನನ್ನು ತಡೆಯಲಿಲ್ಲ. ದೂರದಲ್ಲಿ ಯಾರೋ ಹೊಡೆದ ಚೆಂಡಿನ ಸದ್ದು ತಡವಾಗಿ ಬಂದು ಮುಟ್ಟುತ್ತಿತ್ತು.

ಆಮೇಲೆ ಕೊಡಗಿಗೆ ಒಂದು ಟ್ರಿಪ್ಪಾಯಿತು, ನಾಗರಹೊಳೆಗೆ ಒಂದು. ಬೇಸಿಗೆಗೆ ಇನ್ನೂ ಬುಕ್ಕಿಂಗ್ ಇವೆ. ಕೆಲಸ ನಡೆಯುತ್ತದೆ, ನನಗೆ ಆ ಬಗ್ಗೆ ಅನುಮಾನವಿಲ್ಲ. ಪ್ರತಿ ಸಲ ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇನೆ. ಕಂಡದ್ದನ್ನೆಲ್ಲ ಹೇಳೋಣವೆಂದರೆ ಅವರಿಲ್ಲ.