ಹಿರಿಯರ ಕೈಯ ಕೊಡ

ಹಿರಿಯರ ಕೈಯಲ್ಲಿ ಭಾರ ಕಂಡರೆ ಓಡಿಹೋಗಿ ಇಸಿದುಕೊಳ್ಳುವುದರಲ್ಲಿ ನಮ್ಮ ಕುಷ್ಟಗಿಯವರನ್ನು ಮೀರಿಸುವವರಿಲ್ಲ. ಇದು ಯಾರೂ ಕೂಡಿಸಿಕೊಂಡು ಕಲಿಸಿದ ಪಾಠವಲ್ಲ. ಕಾಲಿಗೆ ತಾನೇ ಗೊತ್ತಿರುತ್ತದೆ. ಕೊಡವಿರಲಿ, ಗಂಟಿರಲಿ, ಬರೀ ಛತ್ರಿಯಿರಲಿ, ಇಸಿದುಕೊಳ್ಳದೆ ಮುಂದೆ ಹೋದರೆ ಆ ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿರುತ್ತದೆ. ಇಂಥ ಒಳ್ಳೆಯ ಗುಣ ಒಂದು ಮದುವೆಯನ್ನೇ ಕೆಡಿಸುವುದರಲ್ಲಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ಮೊನ್ನೆ ಗಂಗಾವತಿಯ ಕೆಲವು ತರುಣರು ಬಂದಿದ್ದರು. ಸಂಘ ಕಟ್ಟಿದ್ದಾರಂತೆ, ಮುಂದಾಳಿನ ಲಕ್ಷಣಗಳ ಬಗ್ಗೆ ನಾಲ್ಕು ಮಾತು ಹೇಳಬೇಕಂತೆ. ಧೈರ್ಯ, ತ್ಯಾಗ, ಸತ್ಯ ಎಂದು ಬೆರಳು ಮಡಿಸುತ್ತ ಹೋಗಬಹುದಿತ್ತು. ಆದರೆ ಆ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಒಂದು ಊಟದ ಪಂಕ್ತಿಯಲ್ಲಿ ಕಲಿತದ್ದು. ಅದನ್ನು ವೇದಿಕೆಯ ಮೇಲೆ ನಿಂತು ಹೇಳಿದರೆ ಹಸಿವಾಗುತ್ತದೆಯೇ ಹೊರತು ಯಾರಿಗೂ ಸ್ಫೂರ್ತಿ ಬರುವುದಿಲ್ಲ. ಆದ್ದರಿಂದ ನಿಮಗೆ ಹೇಳುತ್ತೇನೆ.

ಆಗ ನಿಜಾಮರ ಆಳ್ವಿಕೆ. ನಾಲ್ಕು ಜನ ಕೂಡಿ ಸಭೆ ಮಾಡಬೇಕೆಂದರೆ ಸರಕಾರದ ಇಜಾಜತ್ ಬೇಕು. ಆ ಅಪ್ಪಣೆ ಬರುವಷ್ಟರಲ್ಲಿ ಸಭೆ ಏತಕ್ಕೆಂಬುದೇ ಮರೆತುಹೋಗಿರುತ್ತಿತ್ತು. ಮದುವೆಯಲ್ಲಿ ಬಡಿಸಲಿಕ್ಕೆ, ಸತ್ತವರಿಗೆ ಹೆಗಲು ಕೊಡಲಿಕ್ಕೆ, ಬೇಸಿಗೆಯಲ್ಲಿ ದಾರಿಹೋಕರಿಗೆ ನೀರಿನ ಅರವಟ್ಟಿಗೆ ಇಡಲಿಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹೀಗಾಗಿ ನಮ್ಮ ಗೆಳೆಯರ ಸಂಘ ಭಾಷಣದ ಆಸೆ ಬಿಟ್ಟು ಬಕೀಟು ಹಿಡಿಯಿತು. ಊರಿನಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ಕರೆಯದಿದ್ದರೂ ನಾವು ಹೋಗುತ್ತಿದ್ದೆವು, ಅಲ್ಲೇ ಉಣ್ಣುತ್ತಿದ್ದೆವು. ಇದರಲ್ಲಿ ಸೇವೆ ಎಷ್ಟು, ಹುಗ್ಗಿಯ ಮೇಲಿನ ಪ್ರೀತಿ ಎಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ.

ನಮ್ಮ ಅಧ್ಯಕ್ಷರು ಮಲ್ಲಪ್ಪ ಕಾಕಾ. ಹತ್ತಿ ವ್ಯಾಪಾರಸ್ಥರು, ಬಿಳಿ ರುಮಾಲಿನವರು, ಎತ್ತರದ ಆಳು. 'ಆಳಾಗಬಲ್ಲವನು ಅರಸನಾಗಬಲ್ಲ' ಎಂಬ ಗಾದೆಯನ್ನು ಎಷ್ಟೋ ಜನ ಬಾಯಲ್ಲಿ ಆಡುತ್ತಾರೆ. ಕಾಕಾ ಅದನ್ನು ನಂಬಿಬಿಟ್ಟಿದ್ದರು. ಮುಂದಾಳಾದವನು ಎಲ್ಲರಿಗಿಂತ ಮೊದಲು ಕೈ ಹಚ್ಚಬೇಕು ಎಂಬುದು ಅವರ ತತ್ವ. ಜಮಖಾನೆ ಹಾಸುವುದಾದರೆ ಮೊದಲ ತುದಿ ಅವರೇ ಹಿಡಿಯುವವರು, ನೀರು ಸೇದುವುದಾದರೆ ಹಗ್ಗಕ್ಕೆ ಮೊದಲ ಕೈ ಅವರದೇ. ತತ್ವ ಚಿನ್ನದಂಥದು. ಆದರೆ ಅದನ್ನು ಕುಷ್ಟಗಿಯಲ್ಲಿ ನಡೆಸಲಿಕ್ಕೆ ಹೋದರು ನೋಡಿ, ಅಲ್ಲಿ ತಪ್ಪಿತು.

ಗುರುಬಸವ್ವನ ಮಗಳ ಮದುವೆ. ಗುರುಬಸವ್ವ ಗಂಡನನ್ನು ಕಳೆದುಕೊಂಡು, ಅವರಿವರ ಹೊಲದಲ್ಲಿ ದುಡಿದು ಒಬ್ಬಳೇ ಮಗಳನ್ನು ಬೆಳೆಸಿದ್ದಳು. ಬೀಗರು ಯಲಬುರ್ಗಾದವರು, ಗಾಡಿ ಕಟ್ಟಿಕೊಂಡು ಬಂದಿದ್ದರು. ಹುಡುಗ ಒಳ್ಳೆಯವನೇ, ಆದರೆ ಅವನ ಸೋದರಮಾವ ಮಾತ್ರ ಬಲು ಬಿಗಿ. ನಮ್ಮ ಕಡೆ ಅಕ್ಷತೆ ಬಿದ್ದ ಮೇಲೂ ಮದುವೆ ಪೂರ್ತಿಯಾಯಿತೆಂದು ಯಾರೂ ಉಸಿರು ಬಿಡುವುದಿಲ್ಲ. ಬೀಗರು ಉಂಡು ಕೈ ತೊಳೆಯಬೇಕು. ಅವರು ಅರೆಹೊಟ್ಟೆಯಲ್ಲಿ ಎಲೆಯಿಂದ ಎದ್ದರೆ ಆ ಮಾತು ಹುಡುಗಿಯ ಬೆನ್ನು ಹತ್ತಿ ಗಂಡನ ಮನೆಗೆ ಹೋಗುತ್ತದೆ, ಬಾಳೆಲ್ಲ ಅಲ್ಲೇ ಇರುತ್ತದೆ.

ಪಂಕ್ತಿ ಕೂತಿತು. ನನ್ನ ಕೈಗೆ ತುಪ್ಪದ ಗಿಂಡಿ ಬಂದಿತ್ತು. ಆ ಕೆಲಸಕ್ಕೆ ಇರುವ ಮರ್ಯಾದೆ ಬೇರೆ, ನಾನು ಸ್ವಲ್ಪ ಎದೆ ಸೆಟೆಸಿಯೇ ನಡೆಯುತ್ತಿದ್ದೆ. ಅಷ್ಟರಲ್ಲಿ ಕಾಕಾ ನೀರಿನ ಕೊಡ ಎತ್ತಿದರು. ಹಿರಿಯರು ಕೊಡ ಹೊತ್ತರೆ ಯಾರು ನೋಡಿಕೊಂಡಿರುತ್ತಾರೆ? ಹುಗ್ಗಿಯವನು ಬಕೀಟು ಕೆಳಗಿಟ್ಟು ಓಡಿದ, ಪಲ್ಲೆಯವನು ಓಡಿದ, ಗಿಂಡಿಯನ್ನು ಕಂಬದ ಬುಡದಲ್ಲಿಟ್ಟು ನಾನೂ ಓಡಿದೆ. ಎಲ್ಲರಿಗಿಂತ ಮುಂದೆ ನಾನೇ ಮುಟ್ಟಿದೆನೆಂದು ಆಗ ಹೆಮ್ಮೆಯೂ ಆಯಿತು. ಕಾಕಾ ಕೊಡ ಕೊಟ್ಟು ಹುಗ್ಗಿಯ ಬಕೀಟು ಎತ್ತಿಕೊಂಡರು. ನಾವು ಮತ್ತೆ ಅದರ ಹಿಂದೆ ಓಡಿದೆವು. ಅವರು ಅದನ್ನು ಬಿಟ್ಟು ಅನ್ನದ ಬುಟ್ಟಿಗೆ ಕೈ ಹಾಕಿದರು. ಹೀಗೆ ಸಂಘದ ಸದಸ್ಯರೆಲ್ಲ ಅಧ್ಯಕ್ಷರ ಹಿಂದೆ ಚಪ್ಪರದ ತುಂಬ ಸುತ್ತುತ್ತಿದ್ದರೆ, ಸೋದರಮಾವನ ಎಲೆಯಲ್ಲಿ ತುಪ್ಪವಿಲ್ಲದ ಹುಗ್ಗಿ ತಣ್ಣಗಾಗುತ್ತಿತ್ತು. ಆತ ಒಂದು ಸಲ ಕೆಮ್ಮಿದ. ಆಮೇಲೆ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಒಂದು ಮೊಣಕಾಲು ಎತ್ತಿದ.

ಅಡುಗೆಯ ಒಲೆಯ ಕಡೆ ನಿಂತಿದ್ದ ಗುರುಬಸವ್ವ ಅದನ್ನು ಕಂಡಳು. ಹಿರಿಯರ ಮುಂದೆ ತಲೆಯ ಮೇಲಿನ ಸೆರಗು ಸರಿಸದ ಹೆಣ್ಣುಮಗಳು ನೆಟ್ಟಗೆ ಕಾಕಾರ ಮುಂದೆ ಬಂದು ನಿಂತಳು.

"ಕಾಕಾರ, ನನ್ನ ಮಗಳ ಬಾಳೇವು ನೆಟ್ಟಗಾಗಬೇಕಂದ್ರ ಆ ಬುಟ್ಟಿ ಕೆಳಗಿಡ್ರಿ. ಹೋಗಿ ಬೀಗರ ಜೋಡಿ ಕುಂದರ್ರಿ. ನೀವು ಕುಂತ್ರ ಈ ಮಂದಿ ಬಡಿಸ್ತಾರ."

ಕಾಕಾರ ಮುಖ ಕೆಂಪಾಯಿತು. ಬುಟ್ಟಿ ಇಟ್ಟರು. ಹೋಗಿ ಸೋದರಮಾವನ ಪಕ್ಕದಲ್ಲಿ ಕೂತು ಮಳೆ, ಹತ್ತಿ, ಯಲಬುರ್ಗಾದ ನೆಂಟರು ಎಂದು ಮಾತಿಗೆ ಎಳೆದರು. ಎತ್ತಿದ ಮೊಣಕಾಲು ಮೆಲ್ಲಗೆ ಇಳಿಯಿತು. ನಾವು ನಮ್ಮ ನಮ್ಮ ಪಾತ್ರೆಗೆ ಮರಳಿದೆವು. ಕಾಕಾ ಮಾತ್ರ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ಹೊರಗಿದ್ದರೆ ಎಲ್ಲಿ ಏನನ್ನು ಎತ್ತಿಬಿಡುತ್ತವೋ ಎಂಬ ಭಯ. ಆದರೆ ಕೂತಲ್ಲಿಂದ ಅವರಿಗೆ ಇಡೀ ಪಂಕ್ತಿ ಕಾಣುತ್ತಿತ್ತು. ಆ ಮೂಲೆಗೆ ಹುಗ್ಗಿ, ಇಲ್ಲಿ ಮಜ್ಜಿಗೆ ಎಂದು ಕಣ್ಣಿನಲ್ಲೇ ಹೇಳತೊಡಗಿದರು. ಸೋದರಮಾವ ಮೂರನೆಯ ಸಲ ಹುಗ್ಗಿ ಹಾಕಿಸಿಕೊಂಡ. ಗುರುಬಸವ್ವ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೊಗೆಯ ನೆಪವಿತ್ತು.

ರಾಶಿ ಮಾಡುವ ಕಣದ ನಡುವೆ ಮೇಟಿ ಎಂಬ ಕಂಬ ನೆಟ್ಟಿರುತ್ತಾರೆ. ಎತ್ತುಗಳು ಅದರ ಸುತ್ತ ತಿರುಗುತ್ತವೆ, ಕಾಳು ಬೀಳುತ್ತದೆ. ಎತ್ತು ದುಡಿಯುತ್ತಿದೆ, ನಾನು ಸುಮ್ಮನಿದ್ದೇನಲ್ಲ ಎಂದು ಮೇಟಿಗೆ ನಾಚಿಕೆ ಹುಟ್ಟಿ ಅದೂ ನಡೆಯತೊಡಗಿದರೆ ರಾಶಿ ಏನಾದೀತು? ಆನೆಗುಂದಿಯ ಅರಸರು ಆನೆಯ ಮೇಲೆ ಕೂಡುತ್ತಿದ್ದದ್ದು ಬರೀ ಜಂಬಕ್ಕಲ್ಲ, ಕೆಳಗಿಳಿದರೆ ಸೈನ್ಯವೆಲ್ಲ ಅವರ ಕತ್ತಿ ಇಸಿದುಕೊಳ್ಳಲು ಓಡಿಬರುತ್ತಿತ್ತೇನೋ ಎಂದು ನನ್ನ ಊಹೆ. ಇತಿಹಾಸ ಬಲ್ಲವರು ಒಪ್ಪುವುದಿಲ್ಲ. ಅವರು ಕುಷ್ಟಗಿಯಲ್ಲಿ ಬಡಿಸಿದವರಲ್ಲ.

ಆ ಮದುವೆಯ ನಂತರ ಕಾಕಾ ಸಂಘಕ್ಕೆ ಒಂದು ನಿಯಮ ಮಾಡಿದರು: ನಾನು ಏನನ್ನೇ ಎತ್ತಲಿ, ಯಾರೂ ತಮ್ಮ ಕೆಲಸ ಬಿಟ್ಟು ಬರಬಾರದು. ನಮ್ಮನ್ನು ಪರೀಕ್ಷಿಸಲೆಂದು ನಡುನಡುವೆ ಬೇಕೆಂದೇ ಕೊಡ ಎತ್ತಿ ನಿಲ್ಲುತ್ತಿದ್ದರು. ಮೊದಮೊದಲು ಕಾಲು ಕೇಳುತ್ತಿರಲಿಲ್ಲ. ನನ್ನ ತಾಯಿ ಅದನ್ನು ನೋಡಿ, ಹಿರಿಯರು ಭಾರ ಹೊತ್ತರೂ ಕಲ್ಲಿನಂತೆ ನಿಂತಿರುವುದನ್ನು ಕಲಿಸುವ ಇದೆಂಥ ಸಂಘ ಎಂದು ಬೈದಳು. ಆದರೂ ಬರುಬರುತ್ತ ಕಲಿತೆವು. ಕಾಕಾ ಕೊಡ ಎತ್ತಿದರೆ ಸೌಟು ಹಿಡಿದವನು ಸೌಟು ಬಿಡುತ್ತಿರಲಿಲ್ಲ.

ವರ್ಷಗಳಾದ ಮೇಲೆ ಕಾಕಾ ಹಾಸಿಗೆ ಹಿಡಿದರು. ಸಂಘದ ನಾವು ನಾಲ್ವರು ನೋಡಲು ಹೋಗಿ ಮಂಚದ ಸುತ್ತ ಕೂತಿದ್ದೆವು. ಕಾಕಾ ತಲೆಯ ಬದಿಯಲ್ಲಿದ್ದ ನೀರಿನ ತಂಬಿಗೆಗೆ ಕೈ ಚಾಚಿದರು. ತಂಬಿಗೆ ಮೇಲೇಳಲಿಲ್ಲ. ನಾವು ನಾಲ್ವರೂ ಕೂತಲ್ಲೇ ಕೂತಿದ್ದೆವು. ಅಷ್ಟು ಚೆನ್ನಾಗಿ ಕಲಿಸಿದ್ದರು.

ಕಾಕಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

"ಈಗ ಬರ್ರೋ," ಎಂದರು. "ಈಗ ಬಂದ್ರ ನಡೀತೈತಿ."

ನಾಲ್ವರೂ ಒಮ್ಮೆಲೇ ಎದ್ದೆವು. ಒಂದೇ ತಂಬಿಗೆಗೆ ನಾಲ್ಕು ಜನರ ಕೈ ಬಿದ್ದು ಅರ್ಧ ನೀರು ಹಾಸಿಗೆಯ ಮೇಲೆ ಚೆಲ್ಲಿತು. ಕಾಕಾ ನಕ್ಕರು. ನನಗೆ ನಗಲಾಗಲಿಲ್ಲ, ಉಳಿದ ನೀರನ್ನು ಅವರ ಬಾಯಿಗೆ ಹಿಡಿದೆ.