ಅತ್ತೆಯತ್ತ ಬೆರಳು ತೋರಿಸಿದ್ದು

ಮದುವೆಗೆ ಮುಂಚೆ ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ಕೂತು, ಕಾಫಿ ಕುಡಿಯುತ್ತಾ, "ಬಿ.ಎಡ್. ತಾನೇ, ಓದ್ಸೋಣ ಬಿಡಿ" ಎಂದಿದ್ದವರು ನಮ್ಮ ಯಜಮಾನರು. ಸೊಸೆಯಾಗಿ ನಾನು ಗುಬ್ಬಿ ಹತ್ತಿರದ ಕಡಬಕ್ಕೆ ಬಂದ ಮೇಲೆ ಅವರವ್ವನ ಎದುರು ಆ ಮಾತು ಅವರ ಬಾಯಿಂದ ಒಮ್ಮೆಯೂ ಹೊರಡಲಿಲ್ಲ. ನಾನೇ ಕೇಳಿದರೆ ಅತ್ತೆ "ನೋಡಾಣ" ಅನ್ನುತ್ತಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು. ಅರ್ಜಿ ಹಾಕುವ ಕಡೇ ದಿನ ಹತ್ತಿರ ಬಂದಿತ್ತು, ನಾನು ಒಳಗೊಳಗೇ ಕುದಿಯುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಒಂದು ಭಾನುವಾರ ಮಧ್ಯಾಹ್ನ. ಮಾವ ಗುಬ್ಬಿಗೆ ಹೋಗಿದ್ದರು. ಕರೆಂಟ್ ಹೋಗಿ ಟಿವಿಯ ಸಿನಿಮಾ ಅರ್ಧಕ್ಕೇ ನಿಂತಿತ್ತು. ತುಮಕೂರಿನ ಹಾಸ್ಟೆಲಿನಿಂದ ಬಂದಿದ್ದ ನಾದಿನಿ ಹೊಸ ಆಟ ಹೇಳಿಕೊಟ್ಟಳು. ಎಲ್ಲರಿಗೂ ಒಂದೊಂದು ಚೀಟಿ, ಒಂದರಲ್ಲಿ ಮಾತ್ರ 'ಕಳ್ಳ' ಎಂದಿರುತ್ತದೆ. ಎಲ್ಲರೂ ಕಣ್ಣು ಮುಚ್ಚಿದಾಗ ಕಳ್ಳ ಮಾತ್ರ ಕಣ್ಣು ಬಿಟ್ಟು ಒಬ್ಬರತ್ತ ಬೆರಳು ತೋರಿಸಿ ಆಟದಿಂದ ಹೊರಗೆ ಹಾಕಬೇಕು. ಆಮೇಲೆ ಉಳಿದವರು ಕಳ್ಳ ಯಾರೆಂದು ಓಟು ಹಾಕಬೇಕು, ಹೆಚ್ಚು ಓಟು ಬಿದ್ದವರು ಹೊರಗೆ. ಆಟ ನಡೆಸುವವಳು ನಾದಿನಿ. ಆಡುವವರು ಅತ್ತೆ, ಯಜಮಾನರು, ಮೈದುನ ಮತ್ತು ನಾನು.

ಚೀಟಿ ಎತ್ತುವ ಮುಂಚೆ ಅತ್ತೆ ನನ್ನತ್ತ ತಿರುಗಿ, "ಕಳ್ಳನ್ನ ಹಿಡಿದು ಹೊರಗಾಕಿದ್ರೆ ಬಿ.ಎಡ್. ಸೇರ್ಕೊ. ಇಲ್ದಿದ್ರೆ ಮತ್ತೆ ಆ ಮಾತೆತ್ತಬ್ಯಾಡ" ಎಂದರು. ನಾದಿನಿ ನಕ್ಕಳು. ನನಗೆ ನಗು ಬರಲಿಲ್ಲ. ಅತ್ತೆ ಆಡಿದ ಮಾತಿಗೆ ತಪ್ಪುವವರಲ್ಲ.

ನನ್ನ ಚೀಟಿ ಖಾಲಿ ಇತ್ತು. ಕಣ್ಣು ಮುಚ್ಚಿ ಬಳೆಯ ಸದ್ದಿಗೆ ಕಿವಿಗೊಟ್ಟು ಕೂತೆ. ಅತ್ತೆಗೆ ಕೈತುಂಬ ಗಾಜಿನ ಬಳೆ, ಅವರು ಕೈಯೆತ್ತಿದರೆ ಹಿತ್ತಲವರೆಗೂ ಕೇಳಿಸುತ್ತದೆ. ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟಾಗ ಮೈದುನ ಔಟ್ ಎಂದಳು ನಾದಿನಿ. ಹಾಗಾದರೆ ಕಳ್ಳ ಯಜಮಾನರೇ ಎಂದುಕೊಂಡೆ. ಅಷ್ಟರಲ್ಲಿ ಅತ್ತೆಯ ಕೈ ಕಣ್ಣಿಗೆ ಬಿತ್ತು. ಬಳೆಗಳೆಲ್ಲ ಮೊಣಕೈ ಹತ್ತಿರಕ್ಕೆ ಬಿಗಿಯಾಗಿ ಏರಿ ಕೂತಿದ್ದವು. ಮುದ್ದೆ ಕಟ್ಟುವ ಮುಂಚೆ ಅವರು ಹಾಗೆ ಮೇಲಕ್ಕೆ ನೂಕಿಕೊಳ್ಳುತ್ತಿದ್ದರು, ಇಳಿಸಿಕೊಳ್ಳುವುದನ್ನು ಮರೆಯುತ್ತಿದ್ದರು. ಆದರೆ ಊಟ ಮುಗಿದು ಬಹಳ ಹೊತ್ತಾಗಿತ್ತು, ಚೀಟಿ ಎತ್ತುವಾಗ ಅದೇ ಬಳೆಗಳು ಗಲಗಲ ಎಂದಿದ್ದವು.

"ಇವ್ಳೇ ಕಣೋ, ಆಗ್ಲಿಂದ ಮುಖ ಬಿಗ್ಕೊಂಡವ್ಳೆ" ಎಂದು ಅತ್ತೆ ಮೊದಲ ಓಟು ನನಗೆ ಹಾಕಿದರು.

ಆ ಮನೆಯಲ್ಲಿ ಸೊಸೆಯಾದವಳು ಅತ್ತೆಗೆ ಬೆರಳು ತೋರಿಸುವುದಿರಲಿ, ಒಂದೇ ಚಾಪೆಯ ಮೇಲೆ ಕೂರುವುದೇ ದೊಡ್ಡ ಸಲಿಗೆ. "ಅತ್ತೆ, ನಿಮ್ಮ ಬಳೆ ಮೇಲೇರಿವೆ. ಚೀಟಿ ಎತ್ತೋವಾಗ ಕೆಳಗಿದ್ವು. ನೀವೇ" ಎಂದೆ. ಬೆರಳೂ ತೋರಿಸಿದೆ.

ಉಳಿದಿದ್ದು ಯಜಮಾನರ ಓಟು. ಅವರು ಅವ್ವನ ಕೈ ನೋಡಿದರು. ನೋಡಿದ್ದನ್ನು ನಾನು ಕಂಡೆ. ಅವ್ವನ ಆ ಅಭ್ಯಾಸವನ್ನು ಚಿಕ್ಕಂದಿನಿಂದ ಬಲ್ಲವರು, ಅರ್ಥವಾಗದಿರಲು ಸಾಧ್ಯವೇ ಇಲ್ಲ. ಅತ್ತೆ ಬಳೆ ಇಳಿಸಿಕೊಳ್ಳಲಿಲ್ಲ, ಮಗನನ್ನೇ ನೋಡುತ್ತಾ ಕೂತಿದ್ದರು. ಒಂದು ಬೆರಳು ತಾನೇ, ತೋರಿಸಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಯಜಮಾನರು ಕೆಮ್ಮಿದರು. "ಇವ್ಳೇ ಇರ್ಬೇಕು ಬುಡವ್ವ" ಎಂದು ನನ್ನ ಕಡೆ ಗದ್ದ ಎತ್ತಿದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಖಾಲಿ ಚೀಟಿಯನ್ನು ಚಾಪೆಯ ಮೇಲೆ ಎಸೆದು ಏಳಲು ಹೊರಟೆ.

ಅತ್ತೆ "ಕೂತ್ಕೊ" ಎಂದರು. ತಮ್ಮ ಚೀಟಿ ಬಿಚ್ಚಿ ಮಗನ ಮುಂದಿಟ್ಟರು. 'ಕಳ್ಳ' ಎಂದಿತ್ತು. "ನಿಂಗ್ ಗೊತ್ತಿತ್ತು ಕಣ್ಲಾ" ಎಂದರು. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

"ಆಟ ತಾನೇ ಅವ್ವ" ಎಂದರು ಯಜಮಾನರು.

ಅತ್ತೆ ನನ್ನತ್ತ ತಿರುಗಿದರು. "ನಾಳೆ ತುಮಕೂರಿಗೋಗಿ ಅರ್ಜಿ ಹಾಕಿ ಬಾರವ್ವ. ಇವ್ನು ನಿನ್ ಪರವಾಗಿ ಮಾತಾಡ್ತಾನೆ ಅಂತ ಕೂತ್ರೆ, ಕೂತೇ ಇರ್ತೀಯ."