ಸರಪಳಿ ಹಿಡಿಯುವ ವರ್ನ್

ವರ್ನ್ ಕೊವಾಚ್‌ನ ಮುಖ ನೋಡುವುದಕ್ಕೆ ಮೊದಲು ನಾನು ಹನ್ನೊಂದು ವರ್ಷ ಅವನ ದನಿಯ ಜೊತೆ ಜಗಳವಾಡಿದ್ದೇನೆ.

ಲೊರೇನಿನಲ್ಲಿ ನನ್ನದು ಟೈರ್ ಅಂಗಡಿ. ಸೋಮವಾರ ಸಂಜೆ ಐದಕ್ಕೆ ರೇಡಿಯೊದಲ್ಲಿ ಫುಟ್‌ಬಾಲ್ ಮಾತು ಶುರುವಾಯಿತೆಂದರೆ ಗಾಳಿ ಹೊಡೆಯುವ ಯಂತ್ರವನ್ನೂ ನಿಲ್ಲಿಸುತ್ತೇವೆ. ಫೋನ್ ಮಾಡಿದವರು ಹೆಸರು ಮತ್ತು ಊರು ಹೇಳಿದರೆ ಸಾಕು. ನಾನು ಲೊರೇನಿನ ಗಸ್. ಅವನು ಎಲಿರಿಯಾದ ವರ್ನ್. ನಾನು ಕೂಗುತ್ತೇನೆ, ಅವನು ಕೂಗುವುದಿಲ್ಲ. ನನಗೆ ಮೈ ಉರಿಯುತ್ತಿದ್ದುದೇ ಅದಕ್ಕೆ.

ಆ ಅಕ್ಟೋಬರಿನಲ್ಲಿ ನಮ್ಮ ತಂಡದ ಡಾಸನ್‌ನ ಮೊಣಕಾಲು ಮುರಿಯಿತು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಮಧ್ಯೆ ನುಗ್ಗಿ ಓಡುವವನು ಅವನೇ. ಅವನಿಲ್ಲದೆ ನಮ್ಮ ತಂಡ ಚಕ್ರ ಕಳಚಿದ ಗಾಡಿ. ಬದಲಿಗೆ ಯಾರನ್ನು ತಂದರು? ಮೇಬ್ರಿ ಎಂಬವನನ್ನು. ಇಪ್ಪತ್ತೊಂಬತ್ತು ವರ್ಷ, ಎರಡು ತಂಡ ಕೈಬಿಟ್ಟ ಮಾಲು. ಸುದ್ದಿ ಕೇಳಿದ ತಕ್ಷಣ ನಾನು ಸ್ಪ್ಯಾನರ್ ಎಸೆದೆ. ಅಂಗಡಿಯ ಲೆಕ್ಕ, ಫೋನು, ನನ್ನ ಕೋಪ ಮೂರನ್ನೂ ನೋಡಿಕೊಳ್ಳುವ ಮಿಲಾಗ್ರೋಸ್ ತಲೆ ಎತ್ತದೆ, "ಎತ್ತಿಡಿ. ಗಿರಾಕಿ ಎಡವಿ ಬಿದ್ದಾರು" ಅಂದಳು.

ಆ ಸೋಮವಾರ ರೇಡಿಯೊ ಹೊತ್ತಿಕೊಂಡಿತು. ಪಾರ್ಮಾದವನೊಬ್ಬ, "ಇವನ ಬದಲು ನಮ್ಮತ್ತೇನ ಕರ್ಕೊಂಡು ಬನ್ನಿ, ಚೆಂಡು ಹಿಡಿದ್ರೆ ಬಿಡೋಳಲ್ಲ" ಅಂದ. ಇನ್ನೊಬ್ಬ, "ಕಡಿಮೆ ಸಂಬಳಕ್ಕೆ ಸಿಕ್ಕಿದಾನೆ, ಬಾಯಿ ಮುಚ್ಕೊಂಡು ನೋಡ್ರಪ್ಪ" ಅಂದ. ಆಮೇಲೆ ಆ ತಣ್ಣನೆಯ ದನಿ.

"ಎಲಿರಿಯಾದಿಂದ ವರ್ನ್. ಒಳ್ಳೇ ಆಯ್ಕೆ. ಮೇಬ್ರಿ ಸುಮ್ಮನೆ ಓಡೋದಿಲ್ಲ, ಒಂದು ಹೆಜ್ಜೆ ಕಾಯ್ತಾನೆ. ಎದುರಿಗಿರೋ ಗೋಡೆ ಬಿರುಕು ಬಿಟ್ಟ ಮೇಲೆ ನುಗ್ತಾನೆ."

ನನ್ನ ಫೋನನ್ನೂ ಜೋಡಿಸಿದರು. "ಕಾಯೋನಾದ್ರೆ ಬಸ್ ಸ್ಟಾಪಲ್ಲಿ ಕಾಯ್ಲಿ!" ಅಂದೆ. "ನೀನೇನು ಅವನ ಪಕ್ಕದಲ್ಲಿ ನಿಂತು ನೋಡಿದ್ಯಾ?"

"ನೋಡಿದೀನಿ."

"ಎಲ್ಲಿ?"

ಅವನು ಬಾಯಿ ತೆರೆಯುವ ಮೊದಲೇ ನಾನೇ ಮುಂದುವರಿಸಿದೆ.

"ಅಷ್ಟು ಗೊತ್ತಿದ್ರೆ ಏನಾದ್ರೂ ಒತ್ತೆ ಇಡು ನೋಡೋಣ!"

"ಸರಿ ಗಸ್. ಭಾನುವಾರ ಅವನ ಕೈಯಿಂದ ಒಂದೇ ಒಂದು ಸಲ ಚೆಂಡು ಜಾರಿದ್ರೆ ನಾನು ಇನ್ಮೇಲೆ ಈ ನಂಬರಿಗೆ ಫೋನ್ ಮಾಡೋದಿಲ್ಲ. ಆಯ್ತಾ?"

ಭಾನುವಾರ ಮೇಬ್ರಿ ನೂರೆಂಟು ಗಜ ಓಡಿದ. ಪ್ರತಿ ಸಲವೂ ಒಂದು ಹೆಜ್ಜೆ ನಿಂತು, ಸಂದು ಕಂಡ ಮೇಲೆ ನುಗ್ಗಿದ. ವರ್ನ್ ಹೇಳಿದ್ದು ಅಕ್ಷರಕ್ಕಕ್ಷರ ನಿಜ. ನಾವು ಗೆದ್ದೆವು. ಆದರೆ ಆಟದ ಮೂರನೆಯ ಭಾಗದಲ್ಲಿ ಒಮ್ಮೆ ಚೆಂಡು ಸೋಪಿನ ಹಾಗೆ ಅವನ ಕೈಯಿಂದ ಜಾರಿತು. ನಮ್ಮವನೇ ಒಬ್ಬ ಅದರ ಮೇಲೆ ಬಿದ್ದು ಕಾಪಾಡಿದ. ನಾನು ಸೋಫಾದ ಮೇಲೆ ಹತ್ತಿ ಕುಣಿದೆ. ನನ್ನ ತಂಡದವನೇ ಚೆಂಡು ಬಿಟ್ಟದ್ದಕ್ಕೆ ಕುಣಿದೆ. ಇಳಿಯುವಾಗಲೇ ನಾಚಿಕೆಯಾಯಿತು.

ಸೋಮವಾರ ವರ್ನ್ ಫೋನ್ ಮಾಡಲಿಲ್ಲ. ಕಾರ್ಯಕ್ರಮ ನಡೆಸುವ ಡೆನಿ ಮೂರು ಸಲ ಕರೆದ: "ವರ್ನ್, ಕೇಳಿಸ್ಕೋತಾ ಇದ್ದೀರಾ? ಚೆಂಡು ನಮ್ಮ ಹತ್ರಾನೇ ಉಳೀತಲ್ಲ, ಅದನ್ನ ಲೆಕ್ಕಕ್ಕೆ ತಗೋಳೋದು ಬೇಡ." ಆಮೇಲೆ ಬಂದ ಫೋನುಗಳಲ್ಲಿ ಅರ್ಧ ನನಗೆ ಬೈಗುಳ. ಪಾರ್ಮಾದವನಂತೂ, "ಗಸ್, ನಿನ್ನ ಟೈರಿಗೆಲ್ಲ ಮೊಳೆ ಚುಚ್ಚಲಿ" ಅಂದ.

ನಿಜ ಹೇಳಬೇಕೆಂದರೆ ನನ್ನನ್ನು ಕೊರೆಯುತ್ತಿದ್ದುದು ಬೈಗುಳವಲ್ಲ. 'ನೋಡಿದೀನಿ' ಅಂದನಲ್ಲ, ಎಲ್ಲಿ ನೋಡಿದ್ದ? ಯಾರು ಇವನು? ಹನ್ನೊಂದು ವರ್ಷ ಬೈದಿದ್ದೇನೆ, ಗಡ್ಡ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ.

ಗುರುವಾರ ಟೈರ್ ಹಾಕಿಸಲು ಎಲಿರಿಯಾದ ಶಾಲೆಯ ಟೀಚರ್ ಒಬ್ಬರು ಬಂದರು. ಸುಮ್ಮನೆ ಕೇಳಿದೆ. ಅವರು ನಕ್ಕರು. "ವರ್ನಾ? ನೀರಿನ ಮೀಟರ್ ಓದೋಕೆ ಬರ್ತಾರಲ್ಲ ಅವರು. ಶುಕ್ರವಾರ ನಮ್ಮ ಮೈದಾನದಲ್ಲಿ ಸರಪಳಿ ಹಿಡೀತಾರೆ. ಆದ್ರೆ ರೇಡಿಯೊದಲ್ಲಿ ಮಾತಾಡ್ತಾರಾ? ಆ ಮನುಷ್ಯ ಬಾಯಿ ಬಿಟ್ಟಿದ್ದೇ ನಾನು ಕಂಡಿಲ್ಲ!"

ನಮ್ಮ ಆಟದಲ್ಲಿ ನಾಲ್ಕು ಯತ್ನದೊಳಗೆ ಚೆಂಡು ಹತ್ತು ಗಜ ಮುಂದೆ ಹೋಗಬೇಕು. ಎರಡು ಕಂಬದ ನಡುವಿನ ಸರಪಳಿಯೇ ಆ ಹತ್ತು ಗಜ. ಹಿಡಿಯುವವರು ಮೈದಾನದ ಗೆರೆಗೆ ಅಂಟಿಕೊಂಡು ನಿಲ್ಲುತ್ತಾರೆ. ಅವರಿಗೊಂದು ಕಟ್ಟಳೆ ಇದೆ: ಯಾವ ತಂಡದ ಪರವೂ ಕೂಗುವಂತಿಲ್ಲ, ಚಪ್ಪಾಳೆ ತಟ್ಟುವಂತಿಲ್ಲ.

ಶುಕ್ರವಾರ ಹೋದೆ. ಬೇಲಿಯಾಚೆ ಕಡ್ಡಿಯಂಥ ಮನುಷ್ಯ, ಕಿತ್ತಳೆ ಬಣ್ಣದ ಅಂಗಿ, ಕಂಬದ ಮೇಲೆ ಎರಡು ಕೈ. ಗಡ್ಡ ಇರಲಿಲ್ಲ. "ವರ್ನ್! ನಾನು ಗಸ್!" ಅಂದೆ. ಕತ್ತು ತಿರುಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. ಕೊನೆಯ ಯತ್ನದಲ್ಲಿ ಎಲಿರಿಯಾ ಹುಡುಗರು ಚೆಂಡು ತಂದು ನಿಲ್ಲಿಸಿದಾಗ ಸರಪಳಿ ಎಳೆದು ಅಳೆದರು. ಎರಡು ಬೆರಳು ಕಡಿಮೆ. ಊರಿಗೆ ಊರೇ ಎದ್ದು ಬೊಬ್ಬೆ ಹಾಕಿತು. ತನ್ನ ಊರೇ ಸೋಲುತ್ತಿದ್ದರೂ ವರ್ನ್‌ನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಆಟ ಮುಗಿದು ಕಂಬ ಒರೆಸಿಟ್ಟ ಮೇಲೆ ತಾನೇ ಬಂದ. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ನನಗೆ ಕೊಟ್ಟ.

"ಇಷ್ಟೊಂದು ದಪ್ಪ ಇರ್ತೀರಿ ಅಂದ್ಕೊಂಡಿರ್ಲಿಲ್ಲ" ಅಂದ.

ಹದಿನಾರನೆಯ ವಯಸ್ಸಿನಲ್ಲಿ ಆಡಲು ಹೋದವನನ್ನು, ಗಾಳಿಗೆ ಹಾರಿಹೋಗುತ್ತೀಯೆಂದು ಕೋಚ್ ಸರಪಳಿಗೆ ನಿಲ್ಲಿಸಿದರಂತೆ. ಆ ಸರಪಳಿ ಹಿಡಿದು ಈಗ ನಲವತ್ತೇಳು ವರ್ಷ. ಸ್ವಂತ ಮಗ ಚೆಂಡು ಹಿಡಿದು ಕೊನೆಯ ಗೆರೆ ದಾಟಿದ ದಿನವೂ ಎರಡು ಕೈ ಕಂಬದ ಮೇಲೇ ಇದ್ದವು.

"ಹೊಟ್ಟೆ ಒಡ್ದು ಹೋಗಲ್ವಾ ಮಾರಾಯ?"

"ಅದಕ್ಕೇ ಸೋಮವಾರ ಫೋನ್ ಮಾಡ್ತಿದ್ದೆ."

ನಾನು ಅವನಿಂದ ಕಿತ್ತುಕೊಂಡದ್ದು ಏನೆಂದು ಆಗ ಗೊತ್ತಾಯಿತು.

"ಮೇಬ್ರಿಯನ್ನ ಎಲ್ಲಿ ನೋಡಿದ್ದು?"

"ಇಲ್ಲೇ. ಸ್ಯಾಂಡಸ್ಕಿ ಶಾಲೆ ಪರವಾಗಿ ಆಡೋಕೆ ಬಂದಿದ್ದ. ನಾಲ್ಕು ಜನ ಅವನನ್ನ ತಳ್ಳಿ, ಎಲ್ರೂ ನನ್ನ ಮೇಲೆ ಬಿದ್ರು. ಕಂಬ ಎಲ್ಲೋ, ನಾನೆಲ್ಲೋ. ಅವನು ಎದ್ದು ಮೊದ್ಲು ಮಾಡಿದ್ದೇನು ಗೊತ್ತಾ? ಹುಲ್ಲಲ್ಲಿ ಕಂಬದ ಗುಳಿ ಹುಡುಕಿ ಅಲ್ಲೇ ನೆಟ್ಟ. 'ಅಂಕಲ್, ಇಲ್ಲೇ ಇತ್ತು' ಅಂದ. ಒಂದು ಗೇಣು ಹಿಂದೆ ನೆಟ್ಟಿದ್ರೆ ಲಾಭ ಅವನಿಗೇ. ಅದನ್ನ ಗಮನಿಸ್ತಿದ್ದೋರು ಯಾರೂ ಇರ್ಲಿಲ್ಲ."

"ಇದನ್ನ ರೇಡಿಯೊದಲ್ಲಿ ಹೇಳೋಕೇನಾಗಿತ್ತು?"

"ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವು ಅವನನ್ನ ಬಸ್ ಸ್ಟಾಪಿಗೆ ಕಳಿಸಿಬಿಟ್ರಿ."

ಒತ್ತೆ ವಾಪಸ್ ತಗೋ ಅಂದೆ. ಬೇಡಿದೆ, ಬೈದೆ. "ಅಳತೆ ಅಂದ್ರೆ ಅಳತೆ ಗಸ್. ಎರಡು ಬೆರಳು ಕಡಿಮೆ ಇದ್ರೂ ಕಡಿಮೇನೇ" ಅಂದ. ಕೊವಾಚ್ ಮನೆತನದವರ ಮೊಂಡುತನ ಎಲಿರಿಯಾದಲ್ಲಿ ಹೆಸರುವಾಸಿಯಂತೆ, ಆಮೇಲೆ ತಿಳಿಯಿತು.

"ಸರಿ. ನೀನು ಫೋನ್ ಮಾಡಬಾರದು, ಅಷ್ಟೇ ತಾನೇ ಮಾತು?" ಅಂದೆ.

ಸೋಮವಾರ ಐದಕ್ಕೆ ವರ್ನ್ ನನ್ನ ಅಂಗಡಿಯಲ್ಲಿ ಟೈರುಗಳ ಅಟ್ಟಿಯ ಮೇಲೆ ಕೂತಿದ್ದ. ಮಿಲಾಗ್ರೋಸ್ ಕೊಟ್ಟ ಕರಿದ ಬಾಳೆಕಾಯಿ ಒಂದು ಕೈಯಲ್ಲಿ. ನಾನು ಫೋನ್ ಮಾಡಿದೆ.

"ಲೊರೇನಿನ ಗಸ್. ಈಗ ಹೇಳೋದು ವರ್ನ್‌ನ ಅಭಿಪ್ರಾಯ, ನಂದಲ್ಲ. ಮೇಬ್ರಿಗೆ ಪ್ರತಿ ಸಲ ಎಡಗಡೆ ದಾರಿ ಮಾಡಿಕೊಡಬೇಕಂತೆ. ನನಗೆ ಇದು ಶುದ್ಧ ತಲೆಕೆಟ್ಟ ಮಾತು ಅನ್ಸುತ್ತೆ, ಆದ್ರೆ ಹೇಳ್ತಾ ಇದೀನಿ. ಯಾಕಂದ್ರೆ..."

ಹನ್ನೊಂದು ವರ್ಷದಲ್ಲಿ ಮೊದಲ ಸಲ ರೇಡಿಯೊದಲ್ಲಿ ನನ್ನ ದನಿ ತಗ್ಗಿತ್ತು. ಕಂಬದ ಗುಳಿಯ ಕತೆಯನ್ನೂ ಹೇಳಿದೆ. ಪಾರ್ಮಾದವನ ಹತ್ತಿರವೂ ಬೈಗುಳ ಇರಲಿಲ್ಲ. ಆದರೆ ನಡುವೆ ಎಡಗಡೆ ಅನ್ನುವ ಕಡೆ ಬಾಯಿತಪ್ಪಿ ಬಲಗಡೆ ಅಂದುಬಿಟ್ಟೆ. ತಿರುಗಿ ನೋಡಿದರೆ ವರ್ನ್ ನನ್ನ ಉದ್ದನೆಯ ಸ್ಪ್ಯಾನರನ್ನು ನೆಲಕ್ಕೆ ಊರಿ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ತುಟಿ ಬಿಗಿದಿತ್ತು, ಕಿವಿ ಕೆಂಪಾಗಿತ್ತು. ಮಿಲಾಗ್ರೋಸ್ ಅವನ ಪರವಾಗಿ, "ಎಡಗಡೆ ಅಂತೆ ಕಣ್ರೀ!" ಅಂತ ಕಿರುಚಿದಳು.